ಕ್ಯಾಬಿನೆಟ್ ಒಳಗೆ ಲೋಹದ ಎಳೆ: ಸುಳ್ಳು ಅಲಾರಂ ನಿಂತಿದ್ದು ಹೀಗೆ

ಅಣು ಸ್ಥಾವರದ ಇನ್‌ಸ್ಟ್ರುಮೆಂಟ್ ಕ್ಯಾಬಿನೆಟ್‌ನಲ್ಲಿ ಒಂದು ಚಾನೆಲ್ (ಒಂದು ಅಳತೆಯ ಸಿಗ್ನಲ್ ಸಾಗುವ ದಾರಿ) ಮಾತ್ರ ಆಗಾಗ ಸುಳ್ಳು ಅಲಾರಂ ಕೊಡುತ್ತಿತ್ತು. ಟೆಸ್ಟ್ ಮಾಡಿದರೆ ಎಲ್ಲ ಸರಿ.

ಸರ್ಕ್ಯೂಟ್ ಕಾರ್ಡ್ ಬದಲಿಸಿದೆವು, ಫಿಲ್ಟರ್ ಬದಲಿಸಿದೆವು, ಕನೆಕ್ಟರ್ ಬಿಚ್ಚಿ ಹಾಕಿದೆವು. ಕೆಲವು ದಿನ ಸುಮ್ಮನಿದ್ದು ಮತ್ತೆ ಶುರು. ಗಾಳಿ ಊದುವುದಂತೂ ಬೇಡವೇ ಬೇಡ. ಒಳಗೆ ಬಿದ್ದ ಲೋಹದ ಚೂರು ಹೊರಗೆ ಬರುವ ಬದಲು ಇನ್ನೂ ಒಳಗೆ ಸೇರುತ್ತದೆ.

ಟಾರ್ಚನ್ನು ಓರೆಯಾಗಿ ಹಿಡಿದಾಗ ಕಂಡಿತು: ಬ್ಯಾಕ್‌ಪ್ಲೇನ್‌ನ (ಕಾರ್ಡ್‌ಗಳು ಸಿಕ್ಕಿಕೊಳ್ಳುವ ಹಿಂಬದಿಯ ಬೋರ್ಡ್) ಎರಡು ಪಿನ್‌ಗಳ ನಡುವೆ ಕೂದಲಿನಷ್ಟು ತೆಳ್ಳಗಿನ, ಸುರುಳಿ ಸುತ್ತಿದ ಲೋಹದ ಎಳೆ. ಮೇಲಿನ ಕೇಬಲ್ ಟ್ರೇಗೆ ತೂತು ಕೊರೆದಾಗ ಉದುರಿದ್ದು. ಅದು ಆಗಾಗ ಎರಡೂ ಪಿನ್‌ಗಳಿಗೆ ತಾಗಿದಾಗಲೇ ಸುಳ್ಳು ಅಲಾರಂ.

ಇಲ್ಲಿ ಕ್ರಮ ತಪ್ಪಬಾರದು. ಮೊದಲು ಕಂಟ್ರೋಲ್ ರೂಮ್ ಒಪ್ಪಿಗೆ, ಆ ಒಂದು ಚಾನೆಲ್ ಮಾತ್ರ ಬೈಪಾಸ್ (ತಾತ್ಕಾಲಿಕವಾಗಿ ಅದರ ಸಿಗ್ನಲ್ ಲೆಕ್ಕಕ್ಕೆ ಬಾರದಂತೆ ಮಾಡುವುದು). ಆಮೇಲೆ ಪವರ್ ಆಫ್, ಮಣಿಕಟ್ಟಿಗೆ ಅರ್ತ್ ಪಟ್ಟಿ. ಕಾರ್ಡ್‌ಗಳನ್ನು ತೆಗೆದು ಆಂಟಿಸ್ಟಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಚೀಲಕ್ಕೆ ಹಾಕಿ. ಆಂಟಿಸ್ಟಾಟಿಕ್ ಮೂತಿಯ ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿಯುವ ಫಿಲ್ಟರ್‌ನ) ವ್ಯಾಕ್ಯೂಮ್ ಅನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಆಡಿಸಿ. ಅಂಟಿಕೊಂಡಿದ್ದನ್ನು ಮೆದು ಬ್ರಷ್‌ನಿಂದ ಮೂತಿಯ ಕಡೆಗೇ ತಳ್ಳಿ. ಕಾಂಟ್ಯಾಕ್ಟ್‌ಗಳಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ. ಪೂರ್ತಿ ಒಣಗಿದ ಮೇಲೆ ಕಾರ್ಡ್ ಹಾಕಿ, ಪವರ್ ಕೊಟ್ಟು, ಚಾನೆಲ್ ಟೆಸ್ಟ್ ಮಾಡಿ. ಬೈಪಾಸ್ ತೆಗೆಯುವುದು ಕೊನೆಗೆ.

ಈಗ ಮೇಲೆ ಡ್ರಿಲ್ ಮಾಡುವಾಗ ವ್ಯಾಕ್ಯೂಮ್ ಮೂತಿ ಬಿಟ್‌ನ ಪಕ್ಕದಲ್ಲೇ ಇರುತ್ತದೆ. ಕ್ಯಾಬಿನೆಟ್ ಮೇಲೆ ಬೆಂಕಿ ಹಿಡಿಯದ ಹಾಳೆ ಮುಚ್ಚುತ್ತೇವೆ. ಕೆಲಸ ಮುಗಿದ ಕೂಡಲೇ ಅದನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಒಳಗೆ ಬಿಸಿ ಜಾಸ್ತಿಯಾಗುತ್ತದೆ. ಒಳಗೆ ಹೋದ ಪ್ರತಿ ಸ್ಕ್ರೂ, ಬಟ್ಟೆ, ಟೂಲ್ ರಿಜಿಸ್ಟರ್‌ನಲ್ಲಿರುತ್ತದೆ. ಲೆಕ್ಕ ಸರಿಹೋಗುವವರೆಗೆ ಬಾಗಿಲು ಮುಚ್ಚುವುದಿಲ್ಲ.