ಟ್ರೇಲರ್ ಒಳಗೆ ಬಣ್ಣ ನಿಲ್ಲಬೇಕಾದರೆ

ಅಮೆರಿಕದಲ್ಲಿ ನನಗೆ ಗೊತ್ತಿರುವ ಕನ್ನಡದವರಲ್ಲಿ ಹಳೇ ಟ್ರಾವೆಲ್ ಟ್ರೇಲರ್ (ಪಿಕಪ್ಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ಕೊಂಡವರು ಹಲವರಿದ್ದಾರೆ. ಎಲ್ಲರದೂ ಒಂದೇ ಗೋಳು. ಒಳಗೆಲ್ಲ ಕಂದು ಬಣ್ಣ, ಕಿಟಕಿಯ ಸುತ್ತ ಹೂವಿನ ಬಟ್ಟೆ ಹೊದಿಸಿದ ಡಬ್ಬಿ, ಯಾವ ಬಣ್ಣವೆಂದು ಹೇಳಲಾಗದ ಸೀಟು. ಶನಿವಾರ ಅಂಗಡಿಗೆ ಹೋಗಿ ಒಂದು ಗ್ಯಾಲನ್ ಬಿಳಿ ಬಣ್ಣ ತರುತ್ತಾರೆ. ಭಾನುವಾರ ಸಂಜೆಗೆ ಫೋಟೊ ಬರುತ್ತದೆ. ಫೋಟೊ ಚೆನ್ನಾಗಿಯೇ ಇರುತ್ತದೆ. ಮುಂದಿನ ಬೇಸಿಗೆಯಲ್ಲಿ ಕಪಾಟಿನ ಅಂಚನ್ನು ಉಗುರಿನಿಂದ ಕೆರೆದರೆ ಅದೇ ಬಣ್ಣ ಹಾಲಿನ ಕೆನೆಯಂತೆ ಎದ್ದು ಬರುತ್ತದೆ.

ತಪ್ಪು ಬಣ್ಣದ್ದಲ್ಲ. ಟ್ರೇಲರ್ ಗೋಡೆ ಮರದಂತೆ ಕಾಣುತ್ತದೆ, ಅಷ್ಟೇ. ಅಲ್ಲಿರುವುದು ಸುಮಾರು 3 ಮಿಲಿಮೀಟರ್ ದಪ್ಪದ, ಲುವಾನ್ ಎಂಬ ಹಗುರ ಮರದ ಪ್ಲೈವುಡ್. ಅದರ ಮೇಲೆ ಮರದ ಗೆರೆ ಅಚ್ಚು ಹಾಕಿದ ಕಾಗದ, ಇಲ್ಲವೇ ತೆಳ್ಳಗಿನ ವಿನೈಲ್ ಪೊರೆ. ಬಹಳಷ್ಟು ಕಪಾಟುಗಳ ಚೌಕಟ್ಟೂ ಹೀಗೆ ಕಾಗದ ಸುತ್ತಿದ್ದೇ. ಮನೆ ಗೋಡೆ ಬಣ್ಣವನ್ನು ಹೀರಿಕೊಂಡು ಹಿಡಿಯುತ್ತದೆ. ಈ ಪೊರೆ ಹೀರುವುದಿಲ್ಲ. ಅದಕ್ಕೇ ಇಲ್ಲಿ ಕೆಲಸವೆಲ್ಲ ಬಣ್ಣದ ಡಬ್ಬಿ ತೆಗೆಯುವ ಮುಂಚೆಯೇ ಇರುತ್ತದೆ. (ಏರ್‌ಸ್ಟ್ರೀಮ್ ಕಂಪನಿಯ ಅಲ್ಯೂಮಿನಿಯಂ ಟ್ರೇಲರ್ ಇಟ್ಟುಕೊಂಡವರು ಇಲ್ಲಿಂದ ಸೀದಾ ಬಟ್ಟೆಯ ಭಾಗಕ್ಕೆ ಹೋಗಬಹುದು. ಅದರ ಒಳಗೋಡೆಯೂ ಅಲ್ಯೂಮಿನಿಯಂ, ಅದರ ಕಥೆಯೇ ಬೇರೆ.)

1. ಸೋರಿಕೆ ನೋಡಿ

ಹೆಬ್ಬೆರಳಿನಿಂದ ಗೋಡೆ ಒತ್ತುತ್ತಾ ಒಂದು ಸುತ್ತು ಬನ್ನಿ. ಕಿಟಕಿಯ ಕೆಳಮೂಲೆ, ಛಾವಣಿಯ ವೆಂಟ್ (ಗಾಳಿಕಿಂಡಿ) ಸುತ್ತ, ಹಿಂಬದಿಯ ಮೂಲೆಗಳು, ಬಾತ್‌ರೂಮ್. ಎಲ್ಲಾದರೂ ಮೆತ್ತಗೆ ಒಳಹೋದರೆ ಅಥವಾ ಕಂದು ಕಲೆ ಇದ್ದರೆ ಅಲಂಕಾರ ಅಲ್ಲಿಗೇ ನಿಲ್ಲಿಸಿ. ಮೊದಲು ಛಾವಣಿ ಹತ್ತಿ ಸೀಲಂಟ್ (ಸಂದಿಯಲ್ಲಿ ನೀರು ಇಳಿಯದಂತೆ ಮೆತ್ತುವ ಅಂಟು) ಸರಿಮಾಡಿ. ಛಾವಣಿಗೆಂದೇ ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲಂಟ್ ಸಿಗುತ್ತದೆ. ಬಾತ್‌ರೂಮಿನ ಸಿಲಿಕೋನ್ ಟ್ಯೂಬ್ ತೆಗೆದುಕೊಂಡು ಮೇಲೆ ಹತ್ತಬೇಡಿ. ಕೊಳೆತ ಗೋಡೆಗೆ ಬಣ್ಣ ಬಳಿದು ಮಾರುವವರೂ ಇದ್ದಾರೆ. ಅಂಥ ಟ್ರೇಲರ್ ಕೊಂಡವರ ಮುಖ ನೋಡಲಾಗುವುದಿಲ್ಲ.

2. ಬಿಚ್ಚಿ

ಬಾಗಿಲು, ಹಿಡಿ, ಕೀಲು ಎಲ್ಲ ತೆಗೆದು, ಪ್ರತಿ ಬಾಗಿಲಿನ ಒಳಗೆ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಕಿಟಕಿಯ ಬಟ್ಟೆ ಡಬ್ಬಿಗಳನ್ನೂ ಇಳಿಸಿ. ಅದೊಂದು ಹೋದರೆ ಅರ್ಧ ಟ್ರೇಲರ್ ಹೊಸದಾದಂತೆ ಕಾಣುತ್ತದೆ. ಆದರೆ ಮಡಚುವ ಪರದೆಯ ದಾರ ಕೆಲವು ಕಡೆ ಅದೇ ಡಬ್ಬಿಗೆ ಕಟ್ಟಿರುತ್ತದೆ. ಸುಮ್ನೆ ಎಳೆಯಬೇಡಿ.

3. ತೊಳೆಯಿರಿ, ಉಜ್ಜಿ, ಪ್ರೈಮರ್ ಹಾಕಿ

ಪ್ರೈಮರ್ ಅಂದರೆ ಬಣ್ಣ ಹಿಡಿಯಲೆಂದು ಅದರ ಕೆಳಗೆ ಹಚ್ಚುವ ಮೊದಲ ಕೋಟ್. ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಮೊದಲು ಜಿಡ್ಡು. ಟ್ರೇಲರ್ ಅಂದರೆ ಅಡುಗೆಮನೆಯೊಳಗೇ ಮಲಗುವ ಮನೆ. ಒಲೆಯ ಮೇಲಿನ ಫ್ಯಾನ್ ಹೆಸರಿಗಷ್ಟೇ. ನಾಲ್ಕು ಸಲ ಒಗ್ಗರಣೆ ಹಾಕಿದರೆ ಎಣ್ಣೆಯ ಹೊಗೆ ಹಾಸಿಗೆಯ ಮೇಲಿನ ಕಪಾಟಿನವರೆಗೂ ಹೋಗಿ ಕೂರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬಿಳಿ ಬಟ್ಟೆಯನ್ನು ಜಿಡ್ಡು ತೆಗೆಯುವ ದ್ರಾವಣದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಕಪಾಟಿನ ಹಿಡಿ ಇದ್ದ ಜಾಗ ಒರೆಸಿ ನೋಡಿ. ಬಟ್ಟೆ ಹಳದಿ ಆಗುತ್ತದೆ. ಬಟ್ಟೆ ಬೆಳ್ಳಗೇ ಉಳಿಯುವವರೆಗೂ ಒರೆಸಬೇಕು. ಟಿಎಸ್‌ಪಿ ಎಂಬ ಜಿಡ್ಡು ತೆಗೆಯುವ ಪುಡಿ ಬಳಸುವವರು ಆಮೇಲೆ ಬರಿ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಆ ಪುಡಿಯ ಪೊರೆ ಉಳಿದರೆ ಜಿಡ್ಡಿನಷ್ಟೇ ಕೆಡುಕು. ಬಕೆಟ್ಟಿನಿಂದ ನೀರು ಸುರಿಯುವ ಉತ್ಸಾಹ ಬೇಡ. ಪೊರೆಯ ಅಂಚಿನಿಂದ ನೀರು ಒಳಹೋದರೆ ಕಾಗದ ಉಬ್ಬುತ್ತದೆ, ಆಮೇಲೆ ಅದು ಕೂರುವುದಿಲ್ಲ.

ಎರಡನೆಯ ಶತ್ರು ಸಿಲಿಕೋನ್. ಹಿಂದಿನ ಮಾಲೀಕರು ಕಿಟಕಿಯ ಸುತ್ತ, ಸಿಂಕಿನ ಪಕ್ಕ ಎಲ್ಲೆಂದರಲ್ಲಿ ಸಿಲಿಕೋನ್ ಬಳಿದಿರುತ್ತಾರೆ. ಅದರ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಫಳಫಳ ಹೊಳೆಯಲಿ ಎಂದು ಕಪಾಟಿಗೆ ಹೊಡೆಯುವ ಪಾಲಿಶ್ ಸ್ಪ್ರೇಗಳಲ್ಲೂ ಬಹಳಷ್ಟಕ್ಕೆ ಸಿಲಿಕೋನ್ ಇರುತ್ತದೆ. ಪ್ರೈಮರ್ ಹಚ್ಚುತ್ತಿದ್ದಂತೆ ಅಲ್ಲಲ್ಲಿ ಮೀನಿನ ಕಣ್ಣಿನಷ್ಟು ದುಂಡನೆಯ ತೂತು ಬಿದ್ದು, ಅದರೊಳಗೆ ಹಳೇ ಕಂದು ಇಣುಕಿದರೆ ಕಾರಣ ಇದೇ. ಮೇಲೆ ಇನ್ನೊಂದು ಕೋಟ್ ಬಳಿದರೆ ತೂತು ಮುಚ್ಚುವುದಿಲ್ಲ. ಒಣಗಲು ಬಿಟ್ಟು, ಉಜ್ಜಿ, ಮತ್ತೆ ತೊಳೆದು ಹಚ್ಚಬೇಕು.

ಆಮೇಲೆ ಉಜ್ಜುವುದು. 220 ಗ್ರಿಟ್ ಸ್ಯಾಂಡಿಂಗ್ ಸ್ಪಂಜ್ (ನುಣ್ಣಗಿನ ಮರಳು ಕಾಗದದಂಥದ್ದು) ಸಾಕು. ಮಶೀನ್ ಬೇಡವೇ ಬೇಡ. ನಿಮಗೆ ಬೇಕಿರುವುದು ಹೊಳಪು ಸಾಯುವುದು ಮಾತ್ರ. ಟಾರ್ಚನ್ನು ಗೋಡೆಗೆ ಅಡ್ಡಲಾಗಿ ಹಿಡಿದು ನೋಡಿ. ಮಿನುಗು ಇರುವ ಕಡೆ ಇನ್ನೂ ಎರಡು ಕೈ ಆಡಿಸಿ, ಮಂಕಾದ ಕಡೆ ನಿಲ್ಲಿಸಿ. ಸ್ಪಂಜಿಗೆ ಬಿಳಿ ಪುಡಿ ಬಂದರೆ ಸರಿ. ಮರದ ಗೆರೆಯ ಅಚ್ಚು ಅಳಿಸಿ ಕೆಳಗಿನ ನಾರು ಕಂಡರೆ ಕಾಗದ ಹರಿದಿದೆ ಎಂದರ್ಥ. ಅಂಥ ಜಾಗದಲ್ಲಿ ಸಡಿಲವಾದ ಕಾಗದ ಕತ್ತರಿಸಿ ತೆಗೆದು, ಅಂಚಿಗೆ ತೆಳ್ಳಗೆ ಫಿಲ್ಲರ್ ಹಾಕಿ, ಒಣಗಿದ ಮೇಲೆ ಸಮ ಮಾಡಿ. ಕಪಾಟಿನ ಕೆಳ ಅಂಚುಗಳಲ್ಲಿ ಇದು ಜಾಸ್ತಿ. ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆದು, ಒದ್ದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ರಾತ್ರಿಯಿಡೀ ಒಣಗಲು ಬಿಡಿ.

ಹಲಗೆ ಹಲಗೆ ಸೇರುವ ಕಡೆ ಉದ್ದ ಪಟ್ಟಿ ಇರುತ್ತದೆ. ಅದನ್ನು ಕಿತ್ತು, ಪುಟ್ಟಿ ಮೆತ್ತಿ, ಮನೆಯ ಗೋಡೆಯಂತೆ ಸಪಾಟು ಮಾಡಬೇಕು ಎಂಬ ಆಸೆ ಬಹಳ ಜನಕ್ಕೆ. ಟ್ರೇಲರ್ ರಸ್ತೆಗೆ ಇಳಿದರೆ ಗೋಡೆ ಬಳುಕುತ್ತದೆ. ಗಟ್ಟಿ ಪುಟ್ಟಿ ಮೊದಲ ಪ್ರವಾಸದಲ್ಲೇ ಬಿರುಕು ಬಿಡುತ್ತದೆ. ಪಟ್ಟಿ ಇದ್ದಲ್ಲೇ ಇರಲಿ, ಅದಕ್ಕೇ ಬಣ್ಣ ಹಚ್ಚಿ. ಸಂದಿ ಮುಚ್ಚಲೇಬೇಕೆಂದರೆ ಬಣ್ಣ ಹಿಡಿಯುವ, ಬಾಗುವ ಅಕ್ರಿಲಿಕ್ ಕಾಕ್ ಹಾಕಿ.

ಈಗ ಪ್ರೈಮರ್. ಬಣ್ಣ, ಪ್ರೈಮರ್ ಎರಡೂ ಒಂದೇ ಡಬ್ಬಿಯಲ್ಲಿ ಎನ್ನುವ ಮಾಲು ಈ ಕೆಲಸಕ್ಕೆ ಬೇಡ. ಅದು ಮೊದಲೇ ಬಣ್ಣವಿರುವ ಮನೆ ಗೋಡೆಗೆ ಸರಿ. ನುಣುಪು ಮೇಲ್ಮೈಗೆ ಅಂಟಿಕೊಳ್ಳುವ ಬಾಂಡಿಂಗ್ ಪ್ರೈಮರ್ ಬೇಕು. ಕಪಾಟುಗಳಿಗೆ ನನ್ನ ಆಯ್ಕೆ ಝಿನ್ಸರ್ ಬಿಐಎನ್. ಅದು ಅರಗಿನಿಂದ ಮಾಡಿದ್ದು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವುದೂ ಅರಗೇ ಅಲ್ವಾ? ಹಚ್ಚಿದ 20 ನಿಮಿಷಕ್ಕೆ ಮುಟ್ಟಬಹುದು, 45 ನಿಮಿಷಕ್ಕೆ ಮೇಲೆ ಇನ್ನೊಂದು ಕೋಟ್ ಎಳೆಯಬಹುದು. ಹಳೇ ಕಲೆಯೂ ಮೇಲೇಳುವುದಿಲ್ಲ.

ಅದರ ಕಾಟ ಒಂದೇ, ಆಲ್ಕೊಹಾಲ್ ಆವಿ. ಮೂಗಿಗೆ ಕಷ್ಟ, ಬೆಂಕಿಗೆ ಇಷ್ಟ. ಡಬ್ಬಿ ತೆರೆಯುವ ಮುಂಚೆ ಗ್ಯಾಸ್ ಸಿಲಿಂಡರ್ ವಾಲ್ವ್ ಮುಚ್ಚಿ, ಗ್ಯಾಸಿನಲ್ಲಿ ಓಡುವ ಯಂತ್ರಗಳ ಸ್ವಿಚ್ಚನ್ನೂ ಆರಿಸಿ. ಟ್ರೇಲರಿನ ಫ್ರಿಜ್, ವಾಟರ್ ಹೀಟರ್, ಫರ್ನೇಸ್ (ಒಳಗೆ ಬಿಸಿಗಾಳಿ ಊದುವ ಯಂತ್ರ) ತಾವಾಗಿಯೇ ಕಿಡಿ ಹೊತ್ತಿಸಿಕೊಳ್ಳುತ್ತವೆ, ನಿಮ್ಮನ್ನು ಕೇಳುವುದಿಲ್ಲ. ಎಲ್ಲ ಕಿಟಕಿ, ವೆಂಟ್ ತೆರೆದಿಡಿ. ಆವಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಧೂಳಿನ ಮಾಸ್ಕ್ ಸಾಲದು. ಬಾಗಿಲುಗಳನ್ನಂತೂ ಹೊರಗೆ ನೆರಳಿನಲ್ಲಿಟ್ಟೇ ಹಚ್ಚಿ. ಗೋಡೆಗಳಿಗೆ ನೀರಿನಲ್ಲಿ ಕರಗುವ ಸ್ಟಿಕ್ಸ್ ಥರದ ಬಾಂಡಿಂಗ್ ಪ್ರೈಮರ್ ಸಾಕು, ವಾಸನೆ ಕಡಿಮೆ. ಅದನ್ನು ರಾತ್ರಿ ಬಿಟ್ಟು ಬೆಳಗ್ಗೆ ಬಣ್ಣ ಹಚ್ಚಿ.

ಪ್ರೈಮರ್ ಹಾಕಿದ ಮಾರನೇ ದಿನ ಒಂದು ಪರೀಕ್ಷೆ ಮಾಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬ್ಲೇಡಿನಿಂದ ಹಗುರವಾಗಿ ಅಡ್ಡ ನಾಲ್ಕು, ಉದ್ದ ನಾಲ್ಕು ಗೀರು ಎಳೆಯಿರಿ. ಅದರ ಮೇಲೆ ಟೇಪ್ ಒತ್ತಿ ಅಂಟಿಸಿ, ಸರಕ್ಕನೆ ಎಳೆಯಿರಿ. ಟೇಪಿಗೆ ಬಿಳಿ ಚೌಕಗಳು ಅಂಟಿಕೊಂಡು ಬಂದರೆ ಮತ್ತೆ ಮೊದಲಿನಿಂದ ಶುರು. ಬೇಜಾರೇ, ಆದರೆ ಪ್ರೈಮರ್ ಒಂದನ್ನೇ ಕೆರೆಯುವುದು ಮೂರು ಕೋಟ್ ಕೆರೆಯುವುದಕ್ಕಿಂತ ವಾಸಿ.

4. ಬಣ್ಣ

ಇದು ಸುಲಭ. 4 ಇಂಚಿನ ಫೋಮ್ ರೋಲರ್, ತೆಳ್ಳಗೆ ಎರಡು ಕೋಟ್. ಗೋಡೆಗೆ ಸ್ಯಾಟಿನ್ (ಮಂದ ಹೊಳಪಿನ ಬಣ್ಣ), ಕಪಾಟಿಗೆ ಗಟ್ಟಿಯಾಗುವ ಎನಾಮಲ್. ಬೆಂಜಮಿನ್ ಮೂರ್ ಕಂಪನಿಯ ಅಡ್ವಾನ್ಸ್ ಎಂಬ ಬಣ್ಣ ಚೆನ್ನ, ಆದರೆ ಎರಡು ಕೋಟ್ ನಡುವೆ 16 ಗಂಟೆ ಬಿಡಬೇಕು. ಉರಿಬಿಸಿಲಿನ ಮಧ್ಯಾಹ್ನ ಹಚ್ಚಬೇಡಿ. ಬಿಸಿಯಾದ ಗೋಡೆಯ ಮೇಲೆ ರೋಲರ್ ಗುರುತು ಹಾಗೇ ಕೂತುಬಿಡುತ್ತದೆ. ಮುಟ್ಟಲು ಒಣಗಿದ್ದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ವಾರಗಳ ಅಂತರ ಇದೆ. ಮರುದಿನವೇ ಬಾಗಿಲು ಬಿಗಿಯಾಗಿ ಮುಚ್ಚಿ ಹೊರಟರೆ ಬಾಗಿಲು ಚೌಕಟ್ಟಿಗೆ ಅಂಟಿ, ತೆಗೆಯುವಾಗ ಬಣ್ಣ ಕಿತ್ತುಕೊಳ್ಳುತ್ತದೆ.

ಬೂದು ಬಣ್ಣ ಬೇಡ. ಮೋಡ ಕವಿದ ದಿನ, ಹೊರಗೆ ಮಳೆ, ಒಳಗೂ ಬೂದು ಅಂದರೆ ಎರಡು ಗಂಟೆ ಕೂರಲಾಗುವುದಿಲ್ಲ. ಗೋಡೆಗೆ ಮಜ್ಜಿಗೆ ಬಿಳಿ, ಕೆಳಗಿನ ಕಪಾಟಿಗೆ ಕಡು ಹಸಿರು. ಶೂ ತಾಗುವ ಜಾಗ ಕೆಳಗಿನದು, ಅಲ್ಲಿ ಬಿಳಿ ಹಚ್ಚಿದವರು ಒರೆಸುತ್ತಲೇ ಇರುತ್ತಾರೆ. ಛಾವಣಿ ಹೇಗಿದೆಯೋ ಹಾಗೇ ಇರಲಿ. ಚಾಕ್ ಪೇಂಟ್ (ಸೀಮೆಸುಣ್ಣದಂತೆ ಹೊಳಪಿಲ್ಲದ ಬಣ್ಣ) ಫೋಟೊಗೆ ಚೆನ್ನ, ಕೈ ತಾಗುವ ಕಡೆ ಸವೆದುಹೋಗುತ್ತದೆ. ಅಂಟಿಸುವ ವಾಲ್‌ಪೇಪರ್ ಒಂದೇ ಒಂದು ಚಿಕ್ಕ ಗೋಡೆಗೆ ಸಾಕು. ಒಲೆಯ ಹಿಂದೆ ಮಾತ್ರ ಬೇಡವೇ ಬೇಡ.

ಒಂದು ಒಳ್ಳೆಯ ಅಡ್ಡದಾರಿ ಇದೆ. ಡೊಮೆಟಿಕ್, ನೋರ್‌ಕೋಲ್ಡ್ ಫ್ರಿಜ್‌ಗಳಲ್ಲಿ ಬಾಗಿಲ ಮುಖದ ಹಲಗೆ ಎಷ್ಟೋ ಮಾದರಿಗಳಲ್ಲಿ ಚೌಕಟ್ಟಿನಿಂದ ಜಾರಿಸಿ ತೆಗೆಯುವಂಥದ್ದು. ಅದೇ ಅಳತೆಗೆ ತೆಳು ಪ್ಲೈವುಡ್ ಕತ್ತರಿಸಿ ಬೇಕಾದ ಬಣ್ಣ ಹಚ್ಚಿ ಕೂರಿಸಿದರೆ ಆಯಿತು. ಇಂಡಿಯಾನಾದ ಎಲ್ಕ್‌ಹಾರ್ಟ್ ಕಡೆ ಹೋಗುವವರು ಅಲ್ಲಿನ ಉಳಿಕೆ ಮಾಲಿನ ಅಂಗಡಿಗಳನ್ನು ನೋಡಿ ಬನ್ನಿ. ಅಮೆರಿಕದ ಟ್ರೇಲರ್‌ಗಳಲ್ಲಿ ಬಹುಪಾಲು ತಯಾರಾಗುವುದು ಆ ಸೀಮೆಯಲ್ಲೇ. ಕಾರ್ಖಾನೆಯಲ್ಲಿ ಮಿಕ್ಕ ಹಲಗೆ, ಕೀಲು, ಬಟ್ಟೆ ಅಲ್ಲಿ ಅಗ್ಗ.

5. ಬಟ್ಟೆ, ಬೆಳಕು

ನಮ್ಮ ಕಡೆಯ ಬಟ್ಟೆಗಳು ಟ್ರೇಲರಿಗೆ ಹೇಳಿ ಮಾಡಿಸಿದಂತಿವೆ, ಆದರೆ ಜಾಗ ನೋಡಿ ಹಾಕಬೇಕು. ಟ್ರೇಲರಿಗೆಂದೇ ಮಾಡುವ ಆರ್‌ವಿ ಕ್ವೀನ್ ಅಳತೆಯ ಡಬಲ್ ಹಾಸಿಗೆ ಸಾಮಾನ್ಯ ಕ್ವೀನ್‌ಗಿಂತ ಸುಮಾರು 5 ಇಂಚು ಗಿಡ್ಡ. ಅಂಗಡಿಯ ಹೊದಿಕೆ ನೆಲಕ್ಕೆ ಜೋತುಬೀಳುತ್ತದೆ. ಕೌದಿಗೆ ಆ ತಾಪತ್ರಯ ಇಲ್ಲ. ಊರಿನಲ್ಲಿ ಕೌದಿ ಹೊಲಿಯುವವರು ಗೊತ್ತಿದ್ದರೆ ಅಳತೆ ಕಳಿಸಿ, ಹಳೇ ಸೀರೆಗಳಲ್ಲೇ ಹೊಲಿಸಿ. ನೆಲಕ್ಕೆ ನವಲಗುಂದದ ಜಮಖಾನ ಹಾಸಬಹುದು. ಮಡಚಿ ಸೀಟಿನಡಿ ತುರುಕಬಹುದು, ಹೊರಗೆ ಕೊಡವಿದರೆ ಮಣ್ಣು ಹೋಗುತ್ತದೆ. ಕೆಳಗೆ ಜಾರದ ರಬ್ಬರ್ ಬಲೆ ಹಾಕಿ. ನೆಲದಲ್ಲಿರುವ ಫರ್ನೇಸ್ ಕಿಂಡಿಯ ಮೇಲೆ ಹಾಸಬೇಡಿ.

ಗುಳೇದಗುಡ್ಡದ ಖಣ ಎಷ್ಟು ಚೆಂದವಾದರೂ ಅದು ಕುಪ್ಪಸದ ಬಟ್ಟೆ. ಡಿನೆಟ್ (ಊಟದ ಮೇಜು) ಸೀಟಿಗೆ ಹೊದಿಸಿದರೆ ಜೀನ್ಸ್ ಉಜ್ಜಿ ಉಜ್ಜಿ ಎಳೆ ಬಿಡುತ್ತದೆ. ಸೀಟಿಗೆ ಗಟ್ಟಿ ಕ್ಯಾನ್‌ವಾಸ್, ಒರಗುವ ದಿಂಬಿಗೆ ಖಣ. ಹೊದಿಕೆಗೆ ಜಿಪ್ ಹಾಕಿಸಲೇಬೇಕು, ಸಾರು ಚೆಲ್ಲದ ಮನೆ ಯಾವುದಿದೆ? ಹಳೇ ಇಳಕಲ್ ಸೀರೆಯ ಪರದೆ ಮಾಡುವವರು ಹಿಂದೆ ಒಂದು ಲೈನಿಂಗ್ ಕೊಡಿ, ಬಿಸಿಲಿಗೆ ಬಣ್ಣ ಹಾರುವುದು ನಿಧಾನವಾಗುತ್ತದೆ. ಮೇಲೊಂದು, ಕೆಳಗೊಂದು ಸರಳು ಹಾಕಿ ಪರದೆ ಬಿಗಿದರೆ ಓಡುವಾಗ ಹಾರಾಡುವುದಿಲ್ಲ.

ಬಲ್ಬು ಬದಲಿಸುವುದು ಐದು ನಿಮಿಷದ ಕೆಲಸ. ಹಳೇ 12 ವೋಲ್ಟ್ ಬಲ್ಬು ಒಂದೊಂದೂ ಸುಮಾರು 18 ವ್ಯಾಟ್ ತಿನ್ನುತ್ತದೆ. ಎಲ್‌ಇಡಿಗೆ ಎರಡು ಮೂರು ವ್ಯಾಟ್ ಸಾಕು. 2700 ಕೆಲ್ವಿನ್ (ಹಳದಿ ಬೆಳಕು) ಎಂದು ಬರೆದಿರುವುದನ್ನೇ ತನ್ನಿ. ನೀಲಿ ಬಿಳುಪಿನ ಬಲ್ಬು ಹಾಕಿದರೆ ಇಷ್ಟೆಲ್ಲ ಮಾಡಿದ ಬಣ್ಣ ಆಸ್ಪತ್ರೆಯ ಗೋಡೆ ಆಗುತ್ತದೆ.

6. ತೂಗುಹಾಕುವುದು

3 ಮಿಲಿಮೀಟರ್ ಹಲಗೆಯಲ್ಲಿ ಮೊಳೆ ನಿಲ್ಲುವುದಿಲ್ಲ. ಅದರ ಹಿಂದೆ ಫೋಮ್, ನಡುನಡುವೆ ಅಲ್ಯೂಮಿನಿಯಂ ಅಥವಾ ಮರದ ಕಟ್ಟು, ಅವುಗಳ ನಡುವೆ ವೈರ್. ಉದ್ದ ಸ್ಕ್ರೂ ಕೊರೆದರೆ ವೈರಿಗೂ ತಾಗಬಹುದು, ಹೊರಗೋಡೆಗೂ ತಾಗಬಹುದು. ಹಗುರದ ಚಿತ್ರಗಳಿಗೆ ಅಂಟುಪಟ್ಟಿ ಸಾಕು. ಒಂದು ಪಟ್ಟಿ ಸಾಕು ಎಂದು ಡಬ್ಬಿ ಹೇಳಿದರೆ ಎರಡು ಹಾಕಿ, ಮುಚ್ಚಿಟ್ಟ ಟ್ರೇಲರಿನ ಬೇಸಿಗೆ ಸೆಕೆಗೆ ಅಂಟು ಸಡಿಲವಾಗುತ್ತದೆ. ಹೊಸ ಬಣ್ಣದ ಮೇಲೆ ಒಂದು ತಿಂಗಳು ಏನೂ ಅಂಟಿಸಬೇಡಿ. ಗಾಜಿನ ಫ್ರೇಮ್ ಬೇಡ. ಹಾಸಿಗೆಯ ತಲೆಯ ಮೇಲಂತೂ ಏನೂ ಬೇಡ.

ನೆಲದ ಹತ್ತಿರ ಇರುವ ಗ್ಯಾಸ್ ಸೋರಿಕೆಯ ಅಲಾರಂಗೆ ಬಣ್ಣ ಬಳಿಯಬೇಡಿ, ಅದರ ಮುಂದೆ ಬುಟ್ಟಿ ಇಡಬೇಡಿ. ಪ್ರೊಪೇನ್ ಗಾಳಿಗಿಂತ ಭಾರ, ಅದಕ್ಕೇ ಅದು ಅಷ್ಟು ಕೆಳಗಿರುವುದು. ಕೆಂಪು ಹಿಡಿಯ ಕಿಟಕಿ ತುರ್ತು ದಾರಿ. ಅದರ ಅಂಚಿಗೆ ಬಣ್ಣ ಹೋಗಿ ಅಂಟಿಕೊಂಡಿದೆಯಾ ಎಂದು ಒಂದು ಸಲ ತೆರೆದು ನೋಡಿ.

7. ತೂಕ

ಟ್ರೇಲರಿನಲ್ಲಿ ಎಷ್ಟು ಭಾರ ಹೇರಬಹುದು ಎಂಬ ಹಳದಿ ಚೀಟಿ ಬಹಳಷ್ಟರಲ್ಲಿ ಬಾಗಿಲ ಬಳಿ ಇರುತ್ತದೆ. ಸೆರಾಮಿಕ್ ಟೈಲ್, ಗ್ರಾನೈಟ್ ಕಟ್ಟೆ, ದಪ್ಪ ಮರದ ಟೇಬಲ್ ಎಲ್ಲ ಅದೇ ಲೆಕ್ಕದಿಂದ ಕಳೆಯುತ್ತವೆ. ಬಟ್ಟೆ, ಪಾತ್ರೆ, ನೀರಿನ ತೂಕವೂ ಅದರಲ್ಲೇ ಬರಬೇಕು. ಕೆಲಸ ಮುಗಿದ ಮೇಲೆ ಪ್ರವಾಸಕ್ಕೆ ತುಂಬುವಂತೆಯೇ ತುಂಬಿ, ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಯಂತ್ರದಲ್ಲಿ ತೂಕ ಹಾಕಿಸಿ. ಪಿಕಪ್ಪಿನ ಕೊಂಡಿಯ ಮೇಲೆ ಬೀಳುವ ಭಾರ ಒಟ್ಟು ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಇರಬೇಕು. ಹಿಂಬದಿಯಲ್ಲಿ ಭಾರ ಜಾಸ್ತಿಯಾಗಿ ಕೊಂಡಿ ಹಗುರವಾದರೆ ಹೈವೇಯಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ. ಮಕ್ಕಳ ಬಂಕ್ (ಒಂದರ ಮೇಲೊಂದು ಹಾಸಿಗೆ) ಕಿತ್ತು ಅಲ್ಲಿ ಪುಸ್ತಕದ ಕಪಾಟು ಕಟ್ಟಿಸಿದವರು ಈ ತೂಕ ಹಾಕಿಸದೆ ಹೊರಡಲೇಬೇಡಿ.