ಕುಸ್ತಿ ಕ್ಲಾಸಿಗೆ ಚಂದಾ ಎತ್ತಿದ್ದು

"ಕುಸ್ತಿ ಕ್ಲಾಸಿಗೆ ಚಂದಾ ಎತ್ತುತ್ತಿದ್ದೇನೆ" ಅಂತ ಬೆಂಗಳೂರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈ ವಯಸ್ಸಲ್ಲಿ ನಿಂಗ್ಯಾಕೋ ಗರಡಿಮನೆ ಸಹವಾಸ?" ಅಂದರು.

ಆ ಕುಸ್ತಿ ಅಲ್ಲ. ಇದು ಪಾರ್ಸಿಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಉಣ್ಣೆಯ ದಾರ. ನಮ್ಮ ಜನಿವಾರದ ಹಾಗೆ ಅನ್ನಬಹುದು. ಆದರೆ ಇಲ್ಲಿ ಹುಡುಗ, ಹುಡುಗಿ ಇಬ್ಬರಿಗೂ ಉಂಟು. ನವಜೋತ್, ಅಂದರೆ ಮಕ್ಕಳನ್ನು ಧರ್ಮಕ್ಕೆ ಸೇರಿಸಿಕೊಳ್ಳುವ ಶಾಸ್ತ್ರ, ಆದ ದಿನ ಸುದ್ರೆ ಅನ್ನುವ ತೆಳು ಬಿಳಿ ಅಂಗಿಯ ಮೇಲೆ ಮೂರು ಸುತ್ತು ಸುತ್ತಿ ಕಟ್ಟುತ್ತಾರೆ. ಅಲ್ಲಿಂದ ಬದುಕಿರುವವರೆಗೆ ದಿನಾ ಪ್ರಾರ್ಥನೆ ಹೇಳಿ ಬಿಚ್ಚಿ ಕಟ್ಟುವುದು.

ನಾನು ಪಾರ್ಸಿ ಅಲ್ಲ. ಮುಂಬೈಯ ಫೋರ್ಟ್‌ನಲ್ಲಿ ಲೆಕ್ಕ ಬರೆಯುವವನು. ಒಂದು ಚಿಕ್ಕ ಪಾರ್ಸಿ ಟ್ರಸ್ಟಿನ ಪುಸ್ತಕ ನನ್ನ ಹತ್ತಿರ ಬಂತು. ಅದರಲ್ಲಿ ಒಂದು ವಿಚಿತ್ರ ಕಂಡಿತು. ಕಟ್ಟಡದ ನಿಧಿಯಲ್ಲಿ ದುಡ್ಡು ಕೊಳೆಯುತ್ತಿತ್ತು. ಗುಜರಾತಿನ ನವಸಾರಿಯಲ್ಲಿ ಕುಸ್ತಿ ನೇಯುವುದನ್ನು ಹೇಳಿಕೊಡಲು ಇಟ್ಟಿದ್ದ ಖಾತೆ ಮಾತ್ರ ಬರಿದು. ಯಾಕೆ ಅಂದರೆ, ಕಟ್ಟಡಕ್ಕೆ ಅಮೃತಶಿಲೆಯ ಫಲಕ ಇರುತ್ತದೆ, ಫಲಕದಲ್ಲಿ ತಂದೆತಾಯಿ ಹೆಸರು ಇರುತ್ತದೆ. ಉಣ್ಣೆಯ ಮೇಲೆ ಹೆಸರು ಎಲ್ಲಿ ಕೆತ್ತುವುದು?

ನವಸಾರಿಗೆ ಹೋಗಿ ನೋಡಿದ ಮೇಲೆಯೇ ನನಗೆ ಖರ್ಚಿನ ಲೆಕ್ಕ ಅರ್ಥವಾದದ್ದು. ಹಳೇ ಮನೆಯ ಪಡಸಾಲೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಆಂಟಿ ಮಗ್ಗದ ಮುಂದೆ ಕೂತಿದ್ದರು. ಅರ್ಚಕರ ಮನೆತನದವರು. ಈ ನೇಯ್ಗೆ ಮೊದಲಿನಿಂದಲೂ ಅಂಥ ಮನೆಗಳ ಹೆಂಗಸರದ್ದೇ. ಕುರಿಮರಿಯ ಉಣ್ಣೆಯನ್ನು ತಕಲಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ ನೂಲಬೇಕು. ಎರಡು ನೂಲು ಸೇರಿಸಿ ಹುರಿ ಮಾಡಬೇಕು. ಅದನ್ನು ಮಗ್ಗಕ್ಕೆ ಸುತ್ತಿದರೆ 72 ಎಳೆ. ಅವರ ಯಸ್ನ ಗ್ರಂಥದಲ್ಲಿ 72 ಅಧ್ಯಾಯ, ಅದಕ್ಕೇ ಈ ಲೆಕ್ಕ. ನೇಯ್ದು ಮುಗಿದ ಮೇಲೆ ಅರ್ಚಕರು ಮಂತ್ರ ಹೇಳಿ ಕತ್ತರಿಸಿಕೊಡುತ್ತಾರೆ. ಆಮೇಲಿನದು ನನಗೆ ಜಾದೂ ಥರ ಕಂಡಿತು. ಕುಸ್ತಿ ಒಳಗೆ ಟೊಳ್ಳು. ಆಂಟಿ ಸೂಜಿ ತೂರಿಸಿ, ಇಡೀ ಉದ್ದವನ್ನು ಒಳಗಿನಿಂದ ಹೊರಕ್ಕೆ ಮಗುಚಿದರು. ಒಳಹೊರಗಾದ ಮೇಲೆ ಜೋಡಣೆಯ ಗುರುತೇ ಇಲ್ಲ. ಎರಡೂ ತುದಿಯಲ್ಲಿ 24 ಎಳೆಯ ಮೂರು ಮೂರು ಗೊಂಡೆ.

"ದುಡ್ಡು ಹೇಗೋ ಬರುತ್ತೆ ದೀಕ್ರಾ, ಕೂತು ಕಲಿಯೋರು ಎಲ್ಲಿಂದ ಬರ್ತಾರೆ?" ಅಂದರು. ದೀಕ್ರಾ ಅಂದರೆ ಮಗಾ.

ಅವರ ಮಾತು ಅರ್ಧ ಸರಿ. ಕಲಿಯುವವರು ಬರದಿರುವುದಕ್ಕೆ ದುಡ್ಡು ಕೊಡುವ ರೀತಿಯೂ ಕಾರಣವಾಗಿತ್ತು. ಮೊದಲ ವರ್ಷ ನಾನೇ ಬುದ್ಧಿವಂತಿಕೆ ತೋರಿಸಿ, ಮುಗಿಸಿದ ಕುಸ್ತಿಗೆ ಇಷ್ಟು ಅಂತ ದರ ಕಟ್ಟಿದ್ದೆ. ಹೊಸಬರಿಗೆ ನೂಲು ಹದಕ್ಕೆ ಬರುವುದಕ್ಕೇ ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಕೈಗೆ ಒಂದು ಪೈಸೆ ಇಲ್ಲ. ಆರು ಜನರಲ್ಲಿ ಇಬ್ಬರು ಬಿಟ್ಟರು. ಒಬ್ಬಳು ಸೂರತ್‌ನಲ್ಲಿ ಕೆಲಸಕ್ಕೆ ಸೇರಿದಳು. ಅವಳದ್ದೇನು ತಪ್ಪು, ಅಲ್ವಾ? ಎರಡನೇ ವರ್ಷ ಬದಲಾಯಿಸಿದೆವು. ಬಂದು ಕೂತ ದಿನಕ್ಕೆ ಕೂಲಿ, ಉಣ್ಣೆ ನಮ್ಮದು. ಕೈ ಪಳಗಿದ ಮೇಲೆ ನೇಯ್ದದ್ದನ್ನೆಲ್ಲ ಟ್ರಸ್ಟೇ ಕೊಳ್ಳುತ್ತದೆ ಅಂತ ಮಾತು ಕೊಟ್ಟೆವು. ಕಲಿಸುವ ಆಂಟಿಗೂ ತಿಂಗಳ ಸಂಬಳ. "ಸೇವೆ ಅಂತ ಮಾಡ್ತಾರೆ, ಸಂಬಳ ಯಾಕೆ" ಅಂದರು ಒಬ್ಬ ಟ್ರಸ್ಟಿ. ಅವರ ಹತ್ತಿರ ಜಗಳವಾಡಿಯೇ ಬರೆಸಿಕೊಂಡೆ.

ದುಡ್ಡು ಎಲ್ಲಿಂದ? ಮೊದಲು ಒಂದು ಕಂಪನಿಯ ಸಿಎಸ್‌ಆರ್ ವಿಭಾಗಕ್ಕೆ, ಅಂದರೆ ಸಮಾಜದ ಕೆಲಸಕ್ಕೆ ದುಡ್ಡು ಕೊಡುವ ವಿಭಾಗಕ್ಕೆ, ಹೋದೆ. "ಇದು ಧರ್ಮವಾ, ಕೈಕಸುಬಾ?" ಅಂತ ಕೇಳಿದರು. ಎರಡೂ ಅಂದೆ. ಅಲ್ಲಿಗೆ ಅರ್ಜಿ ಸತ್ತಿತು. ಸಿಎಸ್‌ಆರ್ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿ ಎಲ್ಲ ಇದೆ, ಆದರೆ ಪೂಜೆಯ ವಾಸನೆ ಬಂದರೆ ಜನ ಹೆದರುತ್ತಾರೆ. ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿದೆ. ಗಾರಾ ಕಸೂತಿ ಕಂಪನಿ ದುಡ್ಡಿಗೆ ಸರಿ. ಚೀನಾ ವ್ಯಾಪಾರದ ಕಾಲದಲ್ಲಿ ಪಾರ್ಸಿಗಳು ತಂದ ರೇಷ್ಮೆ ಕಸೂತಿ ಅದು, ಕೊಕ್ಕರೆ, ಪಿಯೋನಿ ಹೂವು, 'ಕಾಂದಾ ಪಪೇಟಾ' ಅಂದರೆ ಈರುಳ್ಳಿ ಆಲೂಗಡ್ಡೆ ಅನ್ನುವ ಚುಕ್ಕಿ ವಿನ್ಯಾಸ. ಅದನ್ನು ಯಾರು ಬೇಕಾದರೂ ಕಲಿಯಬಹುದು, ಉಡಬಹುದು. ಕುಸ್ತಿಗೆ ಮಾತ್ರ ಸಮುದಾಯದ ದುಡ್ಡೇ ಬೇಕು.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಟ್ರಸ್ಟ್ ಡೀಡಿನಲ್ಲಿ ಒಂದೇ ಸಮುದಾಯದ ಹಿತಕ್ಕಾಗಿ ಅಂತ ಬರೆದಿದ್ದರೆ, ನಾವು ಮಾಡುವಾಗಿದ್ದ ಕಾನೂನಿನ ಪ್ರಕಾರ ದಾನಿಗೆ 80ಜಿ ತೆರಿಗೆ ವಿನಾಯಿತಿ ಸಿಗುತ್ತಿರಲಿಲ್ಲ. ಕಸೂತಿಗೆ ಎಲ್ಲರಿಗೂ ತೆರೆದಿರುವ ಬೇರೆ ಟ್ರಸ್ಟ್ ಮಾಡಿದ್ದು ಅದಕ್ಕೇ. ಇಂಥ ಕೆಲಸಕ್ಕೆ ಇಳಿಯುವವರು ಡೀಡು ಬರೆಸುವ ಮುಂಚೆ ಆ ಒಂದು ಸಾಲಿನ ಬಗ್ಗೆ ಕೂತು ಯೋಚಿಸಿ.

ಇನ್ನು ನನ್ನ ದೊಡ್ಡ ಎಡವಟ್ಟು. ಕೆನಡಾದಲ್ಲಿರುವ ದಾನಿಯೊಬ್ಬರು ಒಳ್ಳೇ ಮೊತ್ತ ಕಳಿಸಿದರು. ಎನ್‌ಆರ್‌ಐ ಅಂದುಕೊಂಡು ಖುಷಿಯಿಂದ ಜಮಾ ಮಾಡಿಕೊಂಡೆ. ಭಾರತದ ಪಾಸ್‌ಪೋರ್ಟ್ ಇರುವವರ ಸ್ವಂತ ದುಡ್ಡಾದರೆ ತೊಂದರೆ ಇರಲಿಲ್ಲ. ಅವರದ್ದು ಕೆನಡಾ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್. ಅಂದರೆ ಅದು ವಿದೇಶಿ ದೇಣಿಗೆ. ಅಂಥ ದುಡ್ಡು ಪಡೆಯಲು ಬೇಕಾದ ಎಫ್‌ಸಿಆರ್‌ಎ ಕಾಯ್ದೆಯ ನೋಂದಣಿ ನಮಗೆ ಇಲ್ಲ. ನೋಂದಣಿ ಇರುವ ದೊಡ್ಡ ಸಂಸ್ಥೆಯ ಮೂಲಕ ತರಿಸೋಣ ಅಂದರೆ, 2020ರ ತಿದ್ದುಪಡಿ ಆ ದಾರಿಯನ್ನೂ ಮುಚ್ಚಿತ್ತು. ದುಡ್ಡು ವಾಪಸ್ ಹೋಯಿತು. ವಕೀಲರ ಶುಲ್ಕ ನಮ್ಮ ತಲೆಗೆ ಬಂತು. ಈಗ ಯಾರಾದರೂ ಚೆಕ್ ಬರೆಯುತ್ತೇನೆ ಅಂದರೆ ಥ್ಯಾಂಕ್ಸ್ ಹೇಳುವ ಮುಂಚೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುತ್ತೇನೆ. ಒರಟು ಅನ್ನಿಸುತ್ತದೆ, ಆಗಲಿ.

ಕೊನೆಗೆ ಕೈಹಿಡಿದದ್ದು ಘಂಬಾರ್. ವರ್ಷಕ್ಕೆ ಆರು ಸಲ ಬರುವ ಹಬ್ಬ, ಪ್ರಾರ್ಥನೆ ಆದಮೇಲೆ ಎಲ್ಲರೂ ಒಟ್ಟಿಗೆ ಕೂತು ಊಟ. ಸಾಲು ಬೆಂಚು, ಬಾಳೆ ಎಲೆ, ಒಂದು ಪಂಕ್ತಿ ಏಳುವುದನ್ನೇ ಕಾಯುತ್ತಾ ಬೆನ್ನ ಹಿಂದೆ ನಿಂತ ಜನ. ಎಲೆ ಮೇಲೆ ಮಟನ್ ಇಲ್ಲದಿದ್ದರೆ ನಮ್ಮ ಕಡೆ ಸಮಾರಾಧನೆಯೇ. ಅಲ್ಲಿ ಸತ್ತವರ ನೆನಪಿಗೆ ಪ್ರಾರ್ಥನೆ ಮಾಡಿಸುತ್ತಾರೆ, ಊಟದ ಖರ್ಚು ಕೊಡುತ್ತಾರೆ. ಹಾಗಾದರೆ 'ಒಂದು ವರ್ಷದ ಉಣ್ಣೆ', 'ಒಬ್ಬಳ ಆರು ತಿಂಗಳ ಕೂಲಿ' ಅಂತ ಯಾಕೆ ಮಾಡಬಾರದು? ಮಾಡಿದೆವು. ತಂದೆಯ ಹೆಸರಲ್ಲಿ ಉಣ್ಣೆ ಕೊಟ್ಟವರಿಗೆ, ಆ ವರ್ಷ ನೇಯ್ದ ಮೊದಲ ಕುಸ್ತಿ. ಫಲಕ ಕೇಳುವುದನ್ನು ಬಿಟ್ಟರು. ಪೂರ್ತಿ ಅಲ್ಲ, ಇಬ್ಬರು ಈಗಲೂ ಕೇಳುತ್ತಾರೆ.

ಅರ್ಜಿ ನಮೂನೆಗಳಲ್ಲಿ 'ಮುಂದಿನ ಐದು ವರ್ಷದಲ್ಲಿ ಎಷ್ಟು ಬೆಳೆಯುತ್ತದೆ' ಅಂತ ಕಾಲಂ ಇರುತ್ತದೆ. ದೇಶದಲ್ಲಿ ಪಾರ್ಸಿಗಳು 2001ರಲ್ಲಿ 69,601, 2011ರಲ್ಲಿ 57,264. ಕುಸ್ತಿ ಬೇಕಾದವರೇ ಕಡಿಮೆಯಾಗುತ್ತಿರುವಾಗ ಐವತ್ತು ನೇಕಾರರನ್ನು ತಯಾರು ಮಾಡುತ್ತೇನೆ ಅಂತ ಸುಳ್ಳು ಬರೆಯಲೇ? ಆ ಕಾಲಂನಲ್ಲಿ 6 ಅಂತ ಹಾಕುತ್ತೇನೆ. ಕೆಲವರು ಅಲ್ಲಿಗೇ ಫೈಲ್ ಮುಚ್ಚುತ್ತಾರೆ.

ಕಳೆದ ಸಲ ಬೆಂಗಳೂರಿಗೆ ಹೊರಟಾಗ ಆಂಟಿ ಒಂದು ಪೊಟ್ಟಣ ಕೊಟ್ಟರು. ಕ್ವೀನ್ಸ್ ರಸ್ತೆಯಲ್ಲಿ 1926ರ ಪಾರ್ಸಿ ಅಗ್ನಿಮಂದಿರ ಇದೆಯಲ್ಲ, ಅಲ್ಲಿನ ಒಂದು ಮಗುವಿನ ನವಜೋತ್‌ಗೆ. ಮನೆಯಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು ಪ್ಲಾಸ್ಟಿಕ್ ಕವರಿನ ಮೇಲಿಂದಲೇ ತಿರುಗಿಸಿ ತಿರುಗಿಸಿ ನೋಡಿದರು. "ಜೋಡಿಸಿದ್ದು ಎಲ್ಲಿ ಅಂತಾನೇ ಕಾಣಲ್ಲವಲ್ಲೋ." ಕವರ್ ಬಿಚ್ಚಲು ಹೋದರು. ಬೇಡಮ್ಮ ಅಂದೆ.

"ಓ, ಮಡಿಯಾ?" ಅಂದು ಮೆಲ್ಲಗೆ ಮೇಜಿನ ಮೇಲಿಟ್ಟರು.