ಹಳ್ಳದ ದಂಡೆಯಲ್ಲಿ ಮೌಂಟನ್ ಬೈಕ್: ಗಾಳಿ, ಗೇರ್, ಬ್ರೇಕ್

ಶ್ರೀರಂಗಪಟ್ಟಣದ ಹತ್ತಿರ, ಕರಿಘಟ್ಟದ ಬುಡದಲ್ಲಿ ಲೋಕಪಾವನಿ ಹೊಳೆ ಕಾವೇರಿಗೆ ಸೇರುತ್ತದೆ. ಈ ಕಡೆಯ ದಂಡೆಗಳಲ್ಲಿ ಟೈರ್ ಕೆಡಿಸುವುದು ಕಲ್ಲಿಗಿಂತ ಹೆಚ್ಚಾಗಿ ಜಾಲಿ ಮುಳ್ಳು. ಟ್ಯೂಬ್‌ಲೆಸ್ ಹಾಕಿಸಿ, 29 ಇಂಚಿನ ಒಂದೊಂದು ಚಕ್ರಕ್ಕೂ ಸುಮಾರು 100 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಬಿಡಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ. 70 ಕೆ.ಜಿ. ತೂಕದವರಿಗೆ 2.3 ಇಂಚಿನ ಟೈರಿನಲ್ಲಿ ಮುಂದೆ 22, ಹಿಂದೆ 25 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಸಾಕು. ಟ್ಯೂಬ್ ಇದ್ದರೆ ಇನ್ನೂ 5 ಹೆಚ್ಚಿಸಿ. ಹೆಚ್ಚಿಸದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬಿಗೆ ಜೋಡಿ ತೂತು ಬೀಳುತ್ತದೆ.

ನೀರು ದಾಟುವ ಮುನ್ನ ಇಳಿದು ಕೋಲು ಊರಿ ಆಳ ನೋಡಿ. ಹಬ್ (ಚಕ್ರದ ನಡುಭಾಗ) ಮುಳುಗುವಷ್ಟಿದ್ದರೆ ಸೈಕಲ್ ಹೊತ್ತುಕೊಂಡೇ ದಾಟಿ, ಬೇರಿಂಗಿಗೆ ನೀರು ಹೋದರೆ ಗ್ರೀಸ್ ಹಾಳು. ಕಡಿಮೆಯಿದ್ದರೆ ದಡದಲ್ಲೇ ಹಗುರ ಗೇರಿಗೆ ಬಂದು, ಸೀಟ್ ಬಿಡದೆ ಒಂದೇ ಸಮ ತುಳಿಯಿರಿ. ಪಾಚಿಗಲ್ಲಿನ ಮೇಲೆ ಹ್ಯಾಂಡಲ್ ತಿರುಗಿಸಬೇಡಿ, ಮುಂದಿನ ಬ್ರೇಕ್ ಮುಟ್ಟಲೇಬೇಡಿ. ಆಚೆ ದಡ ಹತ್ತಿದ ಮೇಲೆ ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದು ಸ್ವಲ್ಪ ದೂರ ಓಡಿಸಿ, ಡಿಸ್ಕ್ ಒಣಗುತ್ತದೆ. ಮನೆಗೆ ಬಂದ ಕೂಡಲೇ ಚೈನ್ ಒರೆಸಿ ಎಣ್ಣೆ ಬಿಡಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಸಲೀಸಾಗಿದೆ ಎಂದು ವೇಗ ಹೆಚ್ಚಿಸಬೇಡಿ. ನಾಲೆಯ ಕಾಂಕ್ರೀಟ್ ಇಳಿಜಾರಿನಲ್ಲಿ ನೀರಿಗೆ ಜಾರಿದವರಿಗೆ ಹಿಡಿದು ಹತ್ತಲು ಏನೂ ಸಿಗುವುದಿಲ್ಲ.